ದಮಯಂತಿ ಮೇಡಂ ಮತ್ತು ಪುಟ್ಟೇನಹಳ್ಳಿಯ ಹೊಸ್ತಿಲು

ಹೋದ ವಾರ ಆರ್.ಟಿ. ನಗರದ ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕಾಯುತ್ತಿದ್ದಾಗ, ಪಕ್ಕದ ಕುರ್ಚಿಯ ಹೆಂಗಸು ಕೈಚೀಲದಿಂದ ಪುಟ್ಟ ಬಾಟಲಿ ತೆಗೆದು ಕರವಸ್ತ್ರಕ್ಕೆ ಯೂಡಿಕೊಲೋನ್ ಚಿಮುಕಿಸಿಕೊಂಡರು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಆ ವಾಸನೆಯಲ್ಲಿ ಕೆಟ್ಟದ್ದೇನೂ ಇಲ್ಲ. ಜ್ವರ ಬಂದ ಮಕ್ಕಳ ಹಣೆಗೂ ಹಚ್ಚುತ್ತಾರೆ. ಆದರೆ ನನಗೆ ಅದು ಒಬ್ಬರ ವಾಸನೆ. ಅವರಿಗಿಂತ ಮೊದಲು ಕೋಣೆಗೆ ಬರುತ್ತಿತ್ತು, ಅವರು ಹೋದ ಮೇಲೂ ಇರುತ್ತಿತ್ತು.

ದಮಯಂತಿ ದೇವಿಯವರ ಬಗ್ಗೆ ಈಗ ಬಹಳ ಜನ ಬರೆಯುತ್ತಾರೆ. ಕಲಾಪೋಷಕಿ, ಕನ್ನಡದ ಹೊಸ ಸಿನಿಮಾಕ್ಕೆ ಬೆನ್ನು ಕೊಟ್ಟು ನಿಂತ ಹೆಣ್ಣು, ಹೀಗೆಲ್ಲ. ಅವುಗಳಲ್ಲಿ ಸುಳ್ಳು ಕಡಿಮೆಯೇ. ಆದರೆ ಯಾರೂ ಬರೆಯದೆ ಬಿಟ್ಟ ಒಂದು ಮಾಗಿ ಇದೆ. ಆ ಮಾಗಿಯಲ್ಲಿ ನಾನು ಅವರ ಬಳಿ ಕೆಲಸಕ್ಕಿದ್ದೆ.

ಈಗ್ಗೆ ಹತ್ತು ವರ್ಷದ ಹಿಂದೆ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕನ್ನಡ ಎಂ.ಎ. ಮುಗಿಸಿ, ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಯಲಹಂಕದ ಮನೆಯಲ್ಲಿ ಕೂತಿದ್ದೆ. ನಮ್ಮ ಮೇಷ್ಟ್ರೊಬ್ಬರು ಹೇಳಿ ಕಳಿಸಿದರು: ಹೆಬ್ಬಾಳದಲ್ಲಿ ಒಬ್ಬ ಶ್ರೀಮಂತ ಮಹಿಳೆಗೆ ಕನ್ನಡ ಕಥೆ ಕಾದಂಬರಿ ಓದಿ ಹೇಳುವವರು ಬೇಕಂತೆ.

ಬಳ್ಳಾರಿ ರಸ್ತೆಯಲ್ಲಿ, ಕೆರೆ ಕಾಣುವ ಎತ್ತರದಲ್ಲಿತ್ತು ಅವರ ಬಂಗಲೆ. ಗಂಡ ಕಲ್ಲು ಕ್ವಾರಿಗಳ ಒಡೆಯ. ಮನೆಯಲ್ಲಿ ಅವರನ್ನು ನಾನು ಕಂಡದ್ದು ಕಡಿಮೆ. ಕ್ಲಬ್ಬಿನ ಗೆಳತಿಯರಿಗೆ ಮೇಡಂ ಇನ್ನೂ ಡಾಲಿಯೇ ಆಗಿದ್ದರು. ಡಾಲಿಯ ನಾಯಿಗಳು ಬಹುಮಾನ ಗೆಲ್ಲುತ್ತಿದ್ದವು, ಡಾಲಿಯ ಗುಲಾಬಿಗಳು ಬಹುಮಾನ ಗೆಲ್ಲುತ್ತಿದ್ದವು, ಕುದುರೆ ಪಂದ್ಯದ ದಿನ ಡಾಲಿಯ ಟೋಪಿಯ ಚಿತ್ರ ಇಂಗ್ಲಿಷ್ ಪತ್ರಿಕೆಯಲ್ಲಿ ಬರುತ್ತಿತ್ತು. ನಲವತ್ತು ದಾಟುವ ಹೊತ್ತಿಗೆ ಇದೆಲ್ಲ ಸಾಕಾಗಿ, ಅವರು ನಾಟಕ ತಂಡಗಳಿಗೆ ಸಭಾಂಗಣದ ಬಾಡಿಗೆ ಕಟ್ಟತೊಡಗಿದರು. ಆಗ ದಮಯಂತಿ ಆದರು. ಗಡ್ಡ ಬಿಟ್ಟು ಜುಬ್ಬಾ ತೊಟ್ಟ ಹುಡುಗರು ಅವರ ಸೋಫಾದ ಮೇಲೆ ಕೂತು, ಅವರ ಸ್ಕಾಚ್ ಕುಡಿದು, ಅವರಂಥವರನ್ನೇ ಬಯ್ಯುತ್ತಿದ್ದರು. ಮೇಡಂಗೆ ಅದು ತುಂಬಾ ಇಷ್ಟ. ದಮಯಂತಿ ದೇವಿ ಆದದ್ದು ಆಮೇಲೆ, ತೆರೆಯ ಮೇಲೆ ಹೆಸರು ಬಂದಾಗ.

ಮೊದಲ ದಿನ ಅವರು ನನ್ನನ್ನು ಕೂರಿಸಿ ಹೇಳಿದರು: “ನನಗೆ ಕನ್ನಡ ಮಾತಾಡಕ್ಕೆ ಬರತ್ತೆ, ಓದಕ್ಕೆ ಸ್ಲೋ. ಕಾನ್ವೆಂಟಲ್ಲಿ ಬೆಳೆದೋಳು ನೋಡು. ನೀನು ಜಾಸ್ತಿ ಮಾತಾಡೋ ಹುಡುಗಿ ಅಲ್ಲ ತಾನೇ?”

“ಅಲ್ಲ.”

“ಗುಡ್. ಇಲ್ಲಿ ಮಾತಾಡೋರೇ ಜಾಸ್ತಿ ಆಗ್ಬಿಟ್ಟಿದ್ದಾರೆ.”

ಅವರು ಕೂದಲು ಸೆಟ್ ಮಾಡಿಸಿಕೊಳ್ಳುವಾಗ ನಾನು ಓದುತ್ತಿದ್ದೆ. ಕಥೆಯ ದುಃಖದ ಜಾಗ ಬಂದರೆ ಅವರ ಕಣ್ಣು ತುಂಬುತ್ತಿತ್ತು. ಸಂಜೆ ಅತಿಥಿಗಳಿಗೆ ಅದೇ ಕಥೆಯನ್ನು ತಾವೇ ಓದಿದಂತೆ ಹೇಳುವಾಗಲೂ ಅದೇ ಜಾಗದಲ್ಲಿ ತುಂಬುತ್ತಿತ್ತು. ಅಳು ಸುಳ್ಳಲ್ಲ. ಎರಡು ಸಲವೂ ನಿಜವಾದ ಕಣ್ಣೀರೇ. ಅವರನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗುತ್ತಿದ್ದದ್ದು ಇಲ್ಲೇ.

ಅವರಿಗೆ ಧೈರ್ಯವಿತ್ತು ಎಂಬುದನ್ನೂ ಹೇಳಬೇಕು. ಸಿನಿಮಾ ಮಾಡುತ್ತೇನೆಂದಾಗ ಹಂಚಿಕೆದಾರರು ನಕ್ಕರು. ಒಬ್ಬನಂತೂ ಅವರೆದುರೇ, “ಅಮ್ಮಾ, ನೀವು ನಾಯಿ ಸಾಕ್ಕೊಂಡು ಚೆನ್ನಾಗಿದ್ರಲ್ಲ” ಎಂದ. ಮೇಡಂ ಅವನಿಗೆ ಕಾಫಿ ತರಿಸಿ, ಕುಡಿಯುವ ತನಕ ಕಾದು, “ಕುಡಿದಾಯ್ತಲ್ಲ, ಏಳಿ” ಅಂದರು. ಆ ದಿನ ನನಗೆ ಅವರ ಮೇಲೆ ಮೆಚ್ಚಿಕೆ ಬಂದಿತ್ತು. ಅದನ್ನು ಈಗ ಇಲ್ಲವೆನ್ನುವುದಿಲ್ಲ.

ಅವರು ಆರಿಸಿಕೊಂಡ ಕಥೆಯಲ್ಲಿ ಹಳೆಯ ಮನೆತನದ ಯಜಮಾನ ಸಾಯುತ್ತಾನೆ. ಸೂತಕದ ದಿನಗಳಲ್ಲಿ ಆ ಮನೆ ಒಳಗಿನಿಂದ ಒಡೆಯುತ್ತದೆ. ಬೇಕಾದದ್ದು ಒಂದು ತೊಟ್ಟಿಮನೆ. ಎಲ್ಲೆಲ್ಲೋ ನೋಡಿದರು, ಯಾವುದೂ ಒಪ್ಪಿಗೆಯಾಗಲಿಲ್ಲ. ಗೌರಿ ಹಬ್ಬದ ಬಾಗಿನ ಕೊಡಲು ನಾನು ಪುಟ್ಟೇನಹಳ್ಳಿಗೆ ಹೊರಟಿದ್ದ ದಿನ, ಆ ಕಡೆಯೇ ಹೋಗುತ್ತಿದ್ದೇನೆಂದು ಮೇಡಂ ಕಾರು ಹತ್ತಿಸಿಕೊಂಡರು. ಅಲ್ಲಿ ನನ್ನ ಸೋದರತ್ತೆ ಚೆನ್ನಮ್ಮನ ಮನೆ. ಕೆರೆಯ ಹಿಂದಿನ ಓಣಿಯ ಕೊನೆಯಲ್ಲಿ, ಓಣಿಗೇ ಮುಖ ಮಾಡಿ ನಿಂತ ಮನೆ. ಮೇಡಂ ತೊಟ್ಟಿಯ ನಡುವೆ ನಿಂತು ಸುತ್ತ ನೋಡಿದರು. ಆಮೇಲೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅತ್ತೆ ಬಡಿಸಿದ ಮುದ್ದೆ ಉಂಡರು. ಮುದ್ದೆ ಮುರಿದು ಅಗಿಯಲು ಹೋದದ್ದನ್ನು ನೋಡಿ ಅತ್ತೆಯ ಮಗಳು ಜಯ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

“ಅಗೀಬೇಡ್ರಮ್ಮ, ನುಂಗಿ,” ಅಂದರು ಅತ್ತೆ.

ಮೇಡಂ ನುಂಗಿದರು. ಕೈ ತೊಳೆದು, ಅತ್ತೆಯ ಎರಡು ಕೈಗಳನ್ನೂ ಹಿಡಿದುಕೊಂಡು, “ಈ ಮನೆ ನನಗೆ ಒಂದಿಷ್ಟು ದಿನ ಕೊಡಿ. ನಿಮ್ಮ ಹುಡುಗಿ ಮದುವೆಗೆ ನಾನೇ ನಿಂತ್ಕೋತೀನಿ,” ಎಂದರು.

ಅವರು ಕಾರಿನ ಕಡೆ ಹೋದ ಮೇಲೆ, ಒಪ್ಪಬೇಡಿ ಎಂದು ಅತ್ತೆಗೆ ಹೇಳಿದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ. “ಅಂತೋರು ನೆಲದ್ ಮ್ಯಾಲೆ ಕುಂತು ಉಂಡೋಗವ್ರೆ. ಇಲ್ಲ ಅನ್ನಕಾಯ್ತದಾ?”

ಜಯಳ ಮದುವೆ ಆ ಮನೆಯ ದೊಡ್ಡ ಚಿಂತೆಯಾಗಿತ್ತು. ನನಗಿಂತ ಒಂದು ವರ್ಷ ದೊಡ್ಡವಳು. ಬಣ್ಣ ಕಪ್ಪು ಎಂದು ಬಂದ ಗಂಡುಗಳು ಹಾಗೇ ಹೋಗಿದ್ದವು. ಆ ಕಾರ್ತಿಕದಲ್ಲಿ ಯಶವಂತಪುರದ ಛತ್ರವೊಂದರಲ್ಲಿ ನೆಂಟರ ಮದುವೆ ನಡೆದಾಗ, ಮಾಕಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾಗರಾಜ ಎಂಬುವನು ಅವಳನ್ನು ನೋಡಿ, ತಾನಾಗಿಯೇ ತನ್ನ ಮನೆಯಲ್ಲಿ ಹೇಳಿದ. ಹುಡುಗನೇ ಕೇಳಿದ್ದು ಇದೇ ಮೊದಲು. ಜಯ ನನಗೆ ಏನೂ ಹೇಳಲಿಲ್ಲ. ಆದರೆ ಅವರೆಕಾಯಿ ಸುಲಿಯುತ್ತಾ, ಮಾಕಳಿಗೆ ಎಲ್ಲಿ ಬಸ್ಸು ಬದಲಾಯಿಸಬೇಕು ಎಂದು ಎರಡು ಸಲ ಕೇಳಿದಳು.

ನಾಗರಾಜನ ಕಡೆಯ ಹಿರಿಯರು ಹೂವು ಹಣ್ಣು ತಂದು ಮಾತು ಮುಗಿಸುವುದೆಂದಾಯಿತು. ಧನುರ್ಮಾಸ ಹುಟ್ಟಿದರೆ ಇಂಥ ಮಾತು ಆಡುವಂತಿಲ್ಲ. ಅದಕ್ಕೆ ಮುಂಚೆ ಉಳಿದಿದ್ದ ಒಳ್ಳೆಯ ದಿನ ಒಂದು ಭಾನುವಾರ. ಚಿತ್ರೀಕರಣ ಅದರ ಹಿಂದಿನ ಗುರುವಾರಕ್ಕೇ ಮುಗಿಯುತ್ತದೆ ಎಂದು ಮೇಡಂ ಮಾತು ಕೊಟ್ಟಿದ್ದರು.

ಸಿನಿಮಾದಲ್ಲಿ ಒಂದೇ ದೃಶ್ಯದ ತುಣುಕುಗಳನ್ನು ಬೇರೆ ಬೇರೆ ದಿನ ತೆಗೆಯುತ್ತಾರೆ. ಮೊದಲ ದಿನ ಗೂಡಿನಲ್ಲಿದ್ದ ಚೊಂಬು ಕೊನೆಯ ದಿನವೂ ಅಲ್ಲೇ, ಅದೇ ಓರೆಯಲ್ಲಿ ಇರಬೇಕು. ಅದನ್ನು ಕಾಯುವ ಕೆಲಸಕ್ಕೆ ಕಂಟಿನ್ಯುಟಿ ಎನ್ನುತ್ತಾರೆ. ನಾನು ಎಲ್ಲವನ್ನೂ ಸರಿಯಾಗಿ ನೆನಪಿಡುವವಳೆಂದು ಮೇಡಂ ಆ ಕೆಲಸ ನನಗೆ ವಹಿಸಿದರು. ಸೂತಕದ ಮನೆ ಎಂದಮೇಲೆ ಬಾಗಿಲ ತೋರಣ ಕಿತ್ತರು. ಹೊಸ್ತಿಲ ಅರಿಶಿನ ಕುಂಕುಮ ತೊಳೆದರು. ಚಿತ್ರೀಕರಣ ಮುಗಿಯುವ ತನಕ ಅಂಗಳಕ್ಕೆ ರಂಗೋಲಿ ಹಾಕುವಂತಿಲ್ಲ ಎಂದರು.

ಅತ್ತೆ ಸಗಣಿ ನೀರಿನ ಬಕೀಟು ಹಿಡಿದು ನಿಂತು ಕೇಳಿದರು: “ರಂಗೋಲೆ ಆಕ್ಬಾರ್ದಾ? ಯಾರ್ ಸತ್ತವ್ರೆ ನಮ್ಮನೇಲಿ?”

“ಸಿನಿಮಾದಲ್ಲಿ, ಅತ್ತೆ.”

“ಸಿನಿಮಾದಾಗೆ ಸತ್ರೆ ಸಿನಿಮಾದೋರ್ ಮನೆ ಮುಂದೆ ಬುಡ್ಲಿ.”

ಅತ್ತೆಯ ಗಂಡ ರಾಮಣ್ಣ ಮಾವ ಸಮಾಧಾನ ಮಾಡಿದರು. ಅವರಿಗೆ ಕ್ಯಾಮರಾದವರ ಜೊತೆ ಬೀಡಿ ಸೇದುವ ಗೆಳೆತನವಾಗಿತ್ತು. ಅತ್ತೆ ಮರುದಿನದಿಂದ ಹಿತ್ತಿಲ ಬಾಗಿಲಿಗೆ ರಂಗೋಲಿ ಹಾಕತೊಡಗಿದರು. ಮುಂಬಾಗಿಲಿಗೆ ಹಾಕುತ್ತಿದ್ದುದಕ್ಕಿಂತ ದೊಡ್ಡದು. ದೇವರು ಹಿಂದಿನಿಂದಲಾದರೂ ಬರಲಿ ಎಂದು ಜಯ ನಗುತ್ತಿದ್ದಳು.

ಚೆನ್ನಾದ ಚಳಿ. ಬೆಳಿಗ್ಗೆ ಕೆರೆಯ ಮೇಲಿನ ಮಂಜು ಓಣಿಗೆ ಬಂದು ನಿಲ್ಲುತ್ತಿತ್ತು. ಮೇಡಂ ಕಾಶ್ಮೀರದ ಶಾಲು ಹೊದ್ದು, ಕರವಸ್ತ್ರ ಮೂಗಿಗೆ ಹಿಡಿದು ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದರು. ಕೆಲಸ ಸರಿಯಾಗಿಯೇ ನಡೆಯುತ್ತಿತ್ತು. ಬುಧವಾರ ಮದರಾಸಿನ ಕಡೆ ಚಂಡಮಾರುತ ಎದ್ದು ಇಲ್ಲಿ ಮೋಡ ಕವಿಯಿತು. ಉಳಿದಿದ್ದದ್ದು ಒಂದೇ ದೃಶ್ಯ: ಹೆಣ ಎತ್ತುವ ಬೆಳಗು. ಅದರ ಅರ್ಧವನ್ನು ಬಿಸಿಲಿನಲ್ಲಿ ಆಗಲೇ ತೆಗೆದಿದ್ದರು. ಇನ್ನರ್ಧಕ್ಕೂ ಅದೇ ಬಿಸಿಲು ಬೇಕಿತ್ತು. ಗುರುವಾರ ಸೂರ್ಯ ಕಾಣಲಿಲ್ಲ. ಶುಕ್ರವಾರ ಜಿನುಗು ಮಳೆ. ಶನಿವಾರ ಸಂಜೆ ಮೇಡಂ ಅತ್ತೆಯ ಅಡುಗೆಮನೆಗೆ ಬಂದರು.

“ಚೆನ್ನಮ್ಮ, ನಾಳೆ ಒಂದು ಬೆಳಿಗ್ಗೆ ಅಷ್ಟೇ.”

“ನಾಳೀಕ್ ಮಾಕಳಿಯೋರು ಬತ್ತಾರಲ್ರಮ್ಮ. ಅನ್ನೊಂದು ಗಂಟೆಗೆಲ್ಲ ಬಂದುಬುಡ್ತಾರೆ.”

“ಗೊತ್ತು. ನನ್ನ ಕಾರೇ ಬೆಳಿಗ್ಗೆ ಬೇಗ ಮಾಕಳಿಗೆ ಕಳಿಸ್ತೀನಿ. ಮಧ್ಯಾಹ್ನ ಊಟಕ್ಕೆ ಬನ್ನಿ ಅಂತ ಹೇಳಿ, ಅದೇ ಕಾರಲ್ಲಿ ಕರ್ಕೊಂಡು ಬರ್ತಾನೆ. ಅಷ್ಟರಲ್ಲಿ ನಮ್ಮ ಆರ್ಟ್‌ನವರೇ ಇಡೀ ಅಂಗಳಕ್ಕೆ ರಂಗೋಲಿ ಹಾಕ್ತಾರೆ. ಗಂಡಿನ ಕಡೆಯವರು ಕಾರಲ್ಲಿ ಬಂದಿಳಿದ್ರೆ ನಿಮಗೂ ಶೋಭೆ ಅಲ್ವಾ?”

ಅತ್ತೆ ನನ್ನ ಮುಖ ನೋಡಿದರು. ನಾನು ಮೇಡಂ ಕಡೆ ತಿರುಗಿ, “ಡ್ರೈವರಿಗೆ ವಿಳಾಸ ನಾನೇ ಹೇಳ್ಲಾ?” ಎಂದೆ.

“ನಾನು ಹೇಳ್ತೀನಿ ಸುಮತಿ. ನೀನು ನಿನ್ನ ಚೊಂಬು ನೋಡ್ಕೋ.”

ಭಾನುವಾರ ಬೆಳಿಗ್ಗೆಯೂ ಮೋಡವೇ. ಅಂಗಳದಲ್ಲಿ ಬಿದಿರಿನ ಚಟ್ಟ ಸಿದ್ಧವಾಗಿತ್ತು. ಬೆರಣಿ ಬೆಂಕಿ ಹೊಗೆಯಾಡುತ್ತಿತ್ತು. ತಲೆಗೆ ಟವೆಲ್ ಹಾಕಿಕೊಂಡ ಗಂಡಸರು ಜಗಲಿಯ ಮೇಲೆ ಸಾಲಾಗಿ ಕೂತು, ಬಿಸಿಲಿಗಾಗಿ ಕಾಯುತ್ತಾ ಇಡ್ಲಿ ತಿನ್ನುತ್ತಿದ್ದರು. ಕ್ಯಾಮರಾ ಪಡಸಾಲೆಯ ಒಳಗಿತ್ತು. ಬಾಗಿಲ ಚೌಕಟ್ಟಿನ ಮೂಲಕ, ಬರಿಯ ಹೊಸ್ತಿಲ ಮೇಲಿಂದ, ಹೊಗೆಯಾಚೆ ಇಡೀ ಓಣಿ ಕಾಣುವಂತೆ ಇಟ್ಟಿದ್ದರು. ನೋಡಲು ಬಂದ ಊರವರನ್ನೆಲ್ಲ ಚೌಕಟ್ಟಿಗೆ ಬೀಳದಂತೆ ಮನೆಯ ಹಿಂದಕ್ಕೆ ಅಟ್ಟಿದ್ದರು. ಅತ್ತೆ, ಜಯ ಹಿತ್ತಿಲ ಒಲೆಯ ಮುಂದೆ ಹಬ್ಬದಡಿಗೆಯಲ್ಲಿದ್ದರು.

ಹತ್ತರ ಸುಮಾರಿಗೆ ಮೇಡಂ ಕಾರು ಬಂತು. ಇಳಿದವರು ಮಾಕಳಿಯವರಲ್ಲ. ದೆಹಲಿಯಿಂದ ಬಂದ ಸಿನಿಮಾ ವಿಮರ್ಶಕ, ಬೆಳಗಿನ ವಿಮಾನದಿಂದ ಇಳಿದು ನೇರವಾಗಿ ಬಂದಿದ್ದರು. ಮೇಡಂ ಎರಡೂ ಕೈ ಚಾಚಿ ಎದುರುಗೊಂಡರು. ನಾನು ಡ್ರೈವರ್ ಅಂತೋಣಿಯ ಬಳಿ ಹೋದೆ.

“ಮಾಕಳಿಗೆ ಹೋಗಿದ್ರಾ?”

“ಯಾವ ಮಾಕಳಿ ಮೇಡಂ? ಏರ್‌ಪೋರ್ಟಿಗೆ ಹೋಗು ಅಂದ್ರು, ಹೋದೆ. ನಂಗೆ ಮಾಕಳಿ ಅಂತ ಯಾರೂ ಹೇಳೇ ಇಲ್ಲ.”

ಹಿತ್ತಿಲಿಗೆ ಹೋಗಿ ಮಾವನಿಗೆ ಹೇಳಿದೆ. ಅವರು ಅಂಗಿ ಹಾಕಿಕೊಳ್ಳುತ್ತಲೇ ಯಲಹಂಕದ ಬಸ್ ನಿಲ್ದಾಣದ ಕಡೆ ಓಡಿದರು, ಬಸ್ಸಿಳಿಯುತ್ತಿದ್ದಂತೆ ತಡೆದು ನಿಲ್ಲಿಸಲು. ನಾನು ಮೇಡಂ ಬಳಿ ಬಂದೆ.

“ಕಾರು ಮಾಕಳಿಗೆ ಹೋಗಲೇ ಇಲ್ಲ.”

“ಓ ಗಾಡ್,” ಅಂದರು. ನಿಜವಾಗಿಯೂ ಮರೆತಿದ್ದರು ಎಂದೇ ಆಗ ಅನಿಸಿತು. ಆಮೇಲೆ ಗಡಿಯಾರ ನೋಡಿ, “ಗಾಬರಿ ಬೇಡ. ಈ ಕಡೆ ಜನ ಹೇಳಿದ ಟೈಮಿಗೆ ಎಂದಾದರೂ ಬಂದಿದ್ದಾರಾ? ಒಂದೇ ಶಾಟ್,” ಎಂದರು.

ಅಷ್ಟರಲ್ಲಿ ಬಿಸಿಲು ಬಂತು. ಮೂರು ದಿನ ಕಾದಿದ್ದ ಜನ ಒಮ್ಮೆಲೇ ಎದ್ದರು. ಇಡ್ಲಿಯ ಎಲೆಗಳು ಮಾಯವಾದವು. ತಮಟೆ ಶುರುವಾಯಿತು. ಸಾವಿನ ತಮಟೆಯ ಬಡಿತ ಯಾವುದೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಓಣಿಯ ಆ ತುದಿಯಲ್ಲಿ, ಹೊಂಗೆ ಮರದ ಕೆಳಗೆ, ಐದಾರು ಜನ ಕಾಣಿಸಿಕೊಂಡರು. ಬಾಡಿಗೆ ವ್ಯಾನಿನಲ್ಲಿ ಕೆರೆ ಏರಿಯ ಕಡೆಯಿಂದ ಬಂದಿದ್ದರೆಂದು ಆಮೇಲೆ ತಿಳಿಯಿತು; ಮಾವ ಬಸ್ ನಿಲ್ದಾಣದಲ್ಲಿ ಕಾಯುತ್ತಲೇ ಇದ್ದರು. ಮುಂದಿದ್ದ ಮುದುಕರು ನಿಂತುಬಿಟ್ಟರು. ಅವರ ಹಿಂದಿದ್ದ ಹೆಂಗಸಿನ ಕೈಯಲ್ಲಿ ತಟ್ಟೆಯಿತ್ತು. ತಟ್ಟೆಯಲ್ಲಿ ಬಿಳಿಯದು ಏನೋ. ಮಲ್ಲಿಗೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವಳು ಸೆರಗು ಎಳೆದು ತಟ್ಟೆ ಮುಚ್ಚಿದಳು.

ನಾನು ಬಾಗಿಲ ಕಡೆ ನುಗ್ಗಿದೆ. ಸಹಾಯಕ ನಿರ್ದೇಶಕ ನನ್ನ ತೋಳು ಹಿಡಿದ. “ಫ್ರೇಮಿಗೆ ಹೋಗ್ತಿದ್ದೀರಲ್ರೀ.” ಮೇಡಂ ಕ್ಯಾಮರಾದ ಪಕ್ಕದಲ್ಲಿ ನಿಂತಿದ್ದರು. ಅವರು ನನ್ನ ಕಡೆ ನೋಡದೆ ಅಂಗೈ ಎತ್ತಿದರು. ಯಾರೂ ಅಲುಗಬೇಡಿ ಎಂದು. ಆ ಕೈಯಲ್ಲಿ ಕರವಸ್ತ್ರವಿತ್ತು.

ಮುದುಕರು ತಿರುಗಿದರು. ಎಲ್ಲರೂ ತಿರುಗಿದರು. ಬಿಳಿ ಅಂಗಿಯ ಹುಡುಗನೊಬ್ಬ ಮಾತ್ರ ಒಂದು ಕ್ಷಣ ಮನೆಯ ಕಡೆ ನೋಡುತ್ತಾ ನಿಂತ. ಮುದುಕರು ಅವನ ಮೊಣಕೈ ಹಿಡಿದು ಎಳೆದರು.

ತೋಳು ಬಿಡಿಸಿಕೊಂಡು ನಾನು ಹಿತ್ತಿಲಿನಿಂದ ಸುತ್ತಿ ಓಡಿದೆ. ಹೊಂಗೆ ಮರದ ಹತ್ತಿರ ತಲುಪಿದಾಗ ವ್ಯಾನು ಏರಿಯ ಮೇಲೆ ಹೋಗುತ್ತಿತ್ತು.

ಒಳ್ಳೆಯ ಕೆಲಸಕ್ಕೆ ಹೊರಟವರು ಸಾವಿನ ಮನೆಯನ್ನು ಕಂಡರೆ ಹೊಸ್ತಿಲು ತುಳಿಯದೆ ತಿರುಗಿ, ಮನೆಗೆ ಹೋಗಿ ಸ್ನಾನ ಮಾಡುತ್ತಾರೆ. ಮಾಕಳಿಯವರು ಮಾಡಿದ್ದು ಅಷ್ಟೇ. ಮರುದಿನ ನಮ್ಮಪ್ಪ, ಮಾವ ಇಬ್ಬರೂ ಅಲ್ಲಿಗೆ ಹೋಗಿ, ಅದು ಸಿನಿಮಾ, ಮನೆಯಲ್ಲಿ ಯಾರೂ ಸತ್ತಿಲ್ಲ ಎಂದು ವಿವರಿಸಿದರು. ಆ ಮುದುಕರು, ನಾಗರಾಜನ ದೊಡ್ಡಪ್ಪ, ಬಹಳ ಮರ್ಯಾದೆಯಿಂದಲೇ ಕೇಳಿಸಿಕೊಂಡರಂತೆ.

“ಸಾವು ಸುಳ್ಳೇ ಇರ್ಬೋದು ಸ್ವಾಮಿ,” ಎಂದರಂತೆ. “ನಮ್ ಕಾಲು ತಿರುಗಿದ್ದು ಸುಳ್ಳಲ್ವಲ್ಲ. ಹೂವು ಇಡ್ಕೊಂಡು ಬಂದು ತಿರುಗಿದ ಬಾಗ್ಲಿಗೆ ಇನ್ನೊಂದ್ಸಲ ಹೆಂಗ್ ಬರಾದು?”

ಅತ್ತೆ ಅಡುಗೆ ಮಾಡಿದ್ದ ಪಾತ್ರೆಗಳನ್ನು ತೊಳೆಯದೆ ಎರಡು ದಿನ ಹಾಗೇ ಬಿಟ್ಟರು. ಜಯ ಅಂಗಳ ಗುಡಿಸಿ, ಬೂದಿ ಬಳಿದು, ಸಾರಿಸಿ, ರಂಗೋಲಿ ಹಾಕಿದಳು. ಆರ್ಟ್ ವಿಭಾಗದವರು ಆ ಹೊತ್ತಿಗೆ ಸಾಮಾನು ಕಟ್ಟಿ ಹೋಗಿದ್ದರು.

ವಿಷಯ ತಿಳಿದ ಮೇಲೆ ಮೇಡಂ ಬಂದರು. ರೇಷ್ಮೆ ಸೀರೆ, ಹಣ್ಣಿನ ಬುಟ್ಟಿ. ಅತ್ತೆಯ ಭುಜ ತಬ್ಬಿ ಅತ್ತರು. ಮತ್ತೆ ಹೇಳುತ್ತೇನೆ, ನಿಜವಾದ ಕಣ್ಣೀರು. “ಇದಕ್ಕಿಂತ ಒಳ್ಳೆ ಹುಡುಗನ್ನ ನಾನು ಹುಡುಕ್ತೀನಿ. ನನಗೆ ಎಷ್ಟು ಜನ ಗೊತ್ತು.” ಅತ್ತೆ ಸೀರೆಯನ್ನು ಮುಟ್ಟಲಿಲ್ಲ, ವಾಪಸೂ ಕೊಡಲಿಲ್ಲ. ಅದು ಜಗಲಿಯ ಮೇಲೆ ಇದ್ದ ಹಾಗೇ ಇತ್ತು. ಕೊನೆಗೆ ಅಂತೋಣಿ ಬಂದು ಎತ್ತಿಕೊಂಡು ಹೋದ.

ಆಗಲೂ ನಾನು ಕೆಲಸ ಬಿಟ್ಟಿರಲಿಲ್ಲ. ಮರೆವನ್ನು ಕ್ಷಮಿಸಬಹುದು ಎಂದುಕೊಂಡಿದ್ದೆ. ಮದರಾಸಿನ ಲ್ಯಾಬಿನಿಂದ ಫಿಲಂ ತೊಳೆದು ಬಂದಾಗ, ನಗರದೊಳಗಿನ ಒಂದು ಸಣ್ಣ ಕೋಣೆಯಲ್ಲಿ ಹಾಕಿ ನೋಡಿದರು. ಕಪ್ಪು ಬಿಳುಪು ತೆರೆಯ ಮೇಲೆ ಬಾಗಿಲ ಚೌಕಟ್ಟು, ಬರಿಯ ಹೊಸ್ತಿಲು, ಹೊಗೆ, ಹೊಗೆಯಾಚೆ ಹೊಂಗೆ ಮರ. ಅವರೆಲ್ಲ ಇದ್ದರು. ಸೆರಗು ತಟ್ಟೆಯ ಮೇಲೆ ಬಿತ್ತು. ಕಾಲುಗಳು ತಿರುಗಿದವು. ಕತ್ತಲೆಯಲ್ಲಿ ಯಾರೋ ಉಸಿರು ಎಳೆದುಕೊಂಡರು.

ದೀಪ ಹತ್ತಿದ ಮೇಲೆ ನಾನು ಮೇಡಂಗೆ ಹೇಳಿದೆ: “ಇದನ್ನ ತೆಗೆದುಬಿಡಿ. ದಯವಿಟ್ಟು. ಯಲಹಂಕದವರು, ಮಾಕಳಿಯವರು ಎಲ್ಲ ನೋಡ್ತಾರೆ. ಜಯ ನೋಡ್ತಾಳೆ.”

“ಸುಮತಿ, ಇಡೀ ಫಿಲ್ಮಲ್ಲಿ ಇದೇ ಬೆಸ್ಟ್ ಶಾಟ್. ಯಾವ ಆಕ್ಟರ್ ಕೈಲೂ ಇದು ಮಾಡ್ಸೋಕಾಗಲ್ಲ. ಆ ಹೆಂಗಸು ಹೂವು ಮುಚ್ಕೊಂಡಳಲ್ಲ, ನನಗೆ ಅವತ್ತೇ ಮೈ ಜುಮ್ ಅಂದಿತ್ತು.”

“ಅವತ್ತೇ?”

“ಏನು?”

“ಹೂವು ಅಂತ ಅವತ್ತೇ ಕಂಡಿತ್ತಾ ನಿಮಗೆ?”

ಅವರು ನನ್ನನ್ನು ಮೊದಲ ಸಲ ನೋಡುವ ಹಾಗೆ ನೋಡಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಕಾಣದೆ ಏನು. ಅದಕ್ಕೇ ತಾನೇ ಕೈ ಎತ್ತಿದ್ದು. ನೀನು ಓಡಿದ್ದಿದ್ರೆ ಎಲ್ಲ ಹಾಳಾಗ್ತಿತ್ತು.”

ನಾನು ಆ ಕೋಣೆಯಿಂದ ಬಂದವಳು ಮತ್ತೆ ಹೆಬ್ಬಾಳದ ಬಂಗಲೆಗೆ ಹೋಗಲಿಲ್ಲ.

ಚಿತ್ರಕ್ಕೆ ಪ್ರಶಸ್ತಿ ಬಂತು. ಹೊರದೇಶದ ಉತ್ಸವಗಳಿಗೂ ಹೋಯಿತು. ಬರೆದವರೆಲ್ಲ ಆ ಒಂದು ಶಾಟಿನ ಬಗ್ಗೆ ಬರೆದರು. ಸಾವಿನ ಎದುರು ಸಮಾಜ ಬೆನ್ನು ತಿರುಗಿಸುವ ರೂಪಕ ಎಂದು ಆ ದೆಹಲಿಯ ವಿಮರ್ಶಕ ಕರೆದರು. ಅವರು ಆ ಹೊತ್ತು ಕ್ಯಾಮರಾದ ಹಿಂದೆ ಕೂತು ನಮ್ಮತ್ತೆ ಕಳಿಸಿದ ಕಾಫಿ ಕುಡಿಯುತ್ತಿದ್ದರು. ಆ ಜನರನ್ನು ಹೇಗೆ ಅಭಿನಯಿಸಲು ಒಪ್ಪಿಸಿದಿರಿ ಎಂದು ಒಂದು ಸಂದರ್ಶನದಲ್ಲಿ ಕೇಳಿದಾಗ ಮೇಡಂ, “ಹಳ್ಳಿಯವರು ಹುಟ್ಟು ಕಲಾವಿದರು, ನಾವು ಅವರನ್ನು ನಂಬಬೇಕು ಅಷ್ಟೆ” ಎಂದಿದ್ದರು. ಅದಾದ ಮೇಲೆ ಅವರು ಇನ್ನೂ ಕೆಲವು ಚಿತ್ರ ಮಾಡಿದರು, ಚಿತ್ರಕಲೆಯ ಗ್ಯಾಲರಿ ತೆರೆದರು, ಸಮಿತಿಗಳಲ್ಲಿ ಕೂತರು. ಹೊಸಬರಿಗೆ ನೆರವಾದರು ಎನ್ನುತ್ತಾರೆ. ಆಗಿರಬಹುದು.

ಚಿತ್ರ ಯಶವಂತಪುರಕ್ಕೆ ಬೆಳಗಿನ ಆಟಕ್ಕೆ ಬಂದಾಗ ಜಯ ನನ್ನ ಬಳಿ ಬಂದು, “ಕರ್ಕೊಂಡೋಗು” ಅಂದಳು. ಬೇಡವೆಂದೆ. “ಊರೆಲ್ಲ ನೋಡೈತೆ, ನಾನ್ಯಾಕ್ ನೋಡ್ಬಾರ್ದು?” ಅಂದಳು. ಹೋದೆವು. ಆ ಶಾಟ್ ಬಂದಾಗ ನಾನು ತೆರೆ ನೋಡಲಿಲ್ಲ, ಅವಳನ್ನು ನೋಡುತ್ತಿದ್ದೆ. ಅವಳು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಸ್ವಲ್ಪ ಮುಂದಕ್ಕೆ ಬಾಗಿದಳು. ಅಷ್ಟೇ. ಬಸ್ಸಿನಲ್ಲಿ ಬರುವಾಗ, “ಬಿಳೀ ಅಂಗಿಯೋರು ಅವ್ರೇನಾ?” ಎಂದು ಕೇಳಿದಳು. ಹೌದೆಂದೆ.

ಆ ಚಿತ್ರವನ್ನು ಅವನೂ ನೋಡಿದ್ದ. ಕೆಲವು ವಾರಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಾಗರಾಜ ಒಬ್ಬನೇ ಪುಟ್ಟೇನಹಳ್ಳಿಗೆ ಬಂದ. ನಾನೂ ಅಲ್ಲಿದ್ದೆ. ಅತ್ತೆ ಸಂಭ್ರಮದಲ್ಲಿ ಯಾವ ಲೋಟದಲ್ಲಿ ಕಾಫಿ ಕೊಡುವುದೆಂದು ತಿಳಿಯದೆ ಒಳಗೂ ಹೊರಗೂ ಓಡಾಡಿದರು. ಅವನು ಜಗಲಿಯ ತುದಿಯಲ್ಲಿ ಕೂತು, ಮಾವನಿಗೆ ಹೇಳಿದ: “ದೊಡ್ಡಪ್ಪನ ಮಾತು ಬಿಡಿ. ನಂಗೆ ಈಗ್ಲೂ ಮನಸ್ಸೈತೆ. ನೀವು ಹೂಂ ಅಂದ್ರೆ ನಾನೇ ನಿಂತು ಮಾಡ್ಕೋತೀನಿ.” ಸುಲಭದ ಮಾತಲ್ಲ ಅದು, ಅವನ ಮನೆಯಲ್ಲಿ.

ಮಾವ ಬಾಯಿ ತೆರೆಯುವ ಮೊದಲೇ ಜಯ ಬಾಗಿಲಿಗೆ ಬಂದು ನಿಂತಳು.

“ಒಂದ್ ಮಾತು ಕೇಳ್ಲಾ?”

“ಕೇಳಿ.”

“ಅವತ್ತು ಇಲ್ಲಿ ಯಾರ್ ಸತ್ತವ್ರೆ ಅಂದ್ಕೊಂಡ್ರಿ?”

ಅವನು ನೆಲ ನೋಡಿದ. “ಗೊತ್ತಾಗ್ಲಿಲ್ಲ.”

“ವ್ಯಾನಲ್ಲಿ ಮಾತಾಡ್ಕೊಳ್ಳಿಲ್ವಾ? ಯಾರಿರ್ಬೋದು ಅಂತ?”

“ಇಲ್ಲ. ಸ್ನಾನ ಮಾಡ್ಬೇಕು ಅಂತ ಬೇಗ ಹೊರಟ್ವಿ.”

“ಮನೆಗೋಗಿ?”

“ಯಾರೂ ಆ ಮಾತು ಎತ್ಲಿಲ್ಲ.”

“ನಾನೇ ಆಗಿರ್ಬೋದಿತ್ತು,” ಅಂದಳು ಜಯ. ಧ್ವನಿ ಏರಲಿಲ್ಲ. “ನೋಡಿ ಒಪ್ಕೊಂಡೋಗಿದ್ದ ಹುಡುಗಿ ನಾನೇ ಸತ್ತಿರ್ಬೋದಿತ್ತು. ಒಂದ್ ಮಾತು ಕೇಳ್ಸಕ್ ಯಾರ್ನಾದ್ರೂ ಕಳಿಸ್ಬೋದಿತ್ತು.”

ಅವನು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ಅದಕ್ಕೆ ಕೆನೆ ಕಟ್ಟಿತ್ತು. ಆಮೇಲೆ ಎದ್ದು, ಮಾವನಿಗೆ ಕೈಮುಗಿದು, ಓಣಿಯಲ್ಲಿ ಹೋದ. ಈ ಸಲ ಹಿಂದಿರುಗಿ ನೋಡಲಿಲ್ಲ.

ಅತ್ತೆ ಜಯಳಿಗೆ ಬಯ್ದರು, ಅತ್ತರು. “ಬಾಗ್ಲಿಗೆ ಬಂದೋನ್ನ ಕಳಿಸ್ಬುಟ್ಯಲ್ಲೇ ಮಾರಾಯ್ತಿ.”

“ಒಳ್ಳೇರೇ ಕಣಮ್ಮ ಅವ್ರು,” ಅಂದಳು ಜಯ. “ಅದ್ಕೇ ಸುಳ್ ಏಳ್ಲಿಲ್ಲ.”

ಅವನಿಗೆ ಮುಂದಿನ ವೈಶಾಖದಲ್ಲಿ ಮದುವೆಯಾಯಿತು. ಜಯಳಿಗೆ ಆಗಲಿಲ್ಲ. ಈಗ ಯಲಹಂಕದಲ್ಲಿ ಹೊಲಿಗೆ ಕಲಿಸುತ್ತಾಳೆ. ಗಂಡು ನೋಡುವ ಮಾತೆತ್ತಿದರೆ ಅವಳಿಗೆ ಸಿಟ್ಟು ಬರುವುದಿಲ್ಲ, ಎದ್ದು ಹೋಗುತ್ತಾಳೆ. ನಮ್ಮಮ್ಮ ಒಮ್ಮೊಮ್ಮೆ ಹೇಳುವುದುಂಟು: ಒಂದು ಲೆಕ್ಕಕ್ಕೆ ಆ ಮೇಡಂ ಒಳ್ಳೇದೇ ಮಾಡಿದರು, ಅಂಥವರ ಮನೆ ಸೇರುವುದು ತಪ್ಪಿತು ಎಂದು. ನಾನು ಇದನ್ನು ಒಪ್ಪುವುದಿಲ್ಲ. ಮಾಕಳಿಯವರು ಕೆಟ್ಟವರಲ್ಲ, ಎಲ್ಲರಂಥವರು. ಆ ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಇದ್ದಿದ್ದರೆ ಅವರು ಒಳಗೆ ಬಂದು ಹೋಳಿಗೆ ಉಣ್ಣುತ್ತಿದ್ದರು, ಜಯ ಆ ಮನೆಯಲ್ಲಿ ಜಗಳವಾಡುತ್ತಾ ಮಕ್ಕಳನ್ನು ಹೆರುತ್ತಾ ಸತ್ತದ್ದು ಯಾರೆಂದು ಅವರು ಕೇಳುವವರಲ್ಲ ಎಂಬ ಇದೊಂದನ್ನು ಎಂದೂ ತಿಳಿಯದೆ ಬಾಳುತ್ತಿದ್ದಳು.

ಹೋದ ವರ್ಷ ನನಗೆ ಮದುವೆಯಾಯಿತು. ನನ್ನ ಮನೆಯ ಮುಂದೆ ಹೊಗೆ ಕಂಡಿದ್ದರೆ ಈ ಮನುಷ್ಯ ಹತ್ತಿರ ಬಂದು ಯಾರು ಎಂದು ಕೇಳುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಕೊರಳೊಡ್ಡಿದೆ. ಎಲ್ಲರೂ ಹಾಗೆಯೇ.